ಪೆಟ್ಟಿಗೆಯ ತಳದ ಕಾಗದಗಳು

ಮಹಾನವಮಿಯು ಹತ್ತಿರ ಬಂದಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ವಸ್ತುವಾದರೂ ತನ್ನ ಸ್ಥಾನದಲ್ಲಿ ನಿಲ್ಲುವದಿಲ್ಲ. ಕೌದಿ ಜಮಖಾನೆಗಳು ಹಳ್ಳದ ದಾರಿ ಹಿಡಿಯುವವು. ಗೋಡೆಗಳಿಗೆ ಸುಣ್ಣ, ಕಟ್ಟೆಗಳಿಗೆ ಕೆಮ್ಮಣ್ಣು. ಅಟ್ಟದ ಮೇಲಿನ ಹಂಡೆ ಕೊಡಗಳು ಹುಣಿಸೆಯ ಹುಳಿಯಿಂದ ಮೈ ತಿಕ್ಕಿಸಿಕೊಂಡು ಅಂಗಳದಲ್ಲಿ ಸಾಲುಗೊಳ್ಳುವವು. ಇದೇ ಗದ್ದಲದಲ್ಲಿ, ವರ್ಷವಿಡೀ ಯಾರೂ ಮುಟ್ಟದ ತಗಡಿನ ಟ್ರಂಕೊಂದು ಕತ್ತಲೆಯ ಕೋಣೆಯಿಂದ ಹೊರಗೆ ಬರುವದು. ಅದು ಮನೆಯ ಹಿರಿಯಳೊಬ್ಬಳದು; ಆಕೆಯು ತೀರಿ ಹತ್ತೋ ಇಪ್ಪತ್ತೋ ವರ್ಷಗಳಾಗಿರುವವು. ಮುಚ್ಚಳ ತೆಗೆದವರು ಮೊದಲು ಸೀರೆಗಳನ್ನು ನೋಡುವರು. ಬೆಳ್ಳಿಯ ಚೂರೇನಾದರೂ ಉಂಟೋ ಎಂದು ಕೈಯಾಡಿಸುವರು. ತಳದಲ್ಲಿದ್ದ ಕಾಗದಗಳನ್ನು ಕಂಡು, "ಏನಿಲ್ಲ, ಹಳೇ ರದ್ದಿ" ಎಂದು ಎದ್ದುಬಿಡುವರು. ಸಂಜೆಗೆ ತಕ್ಕಡಿಯವನು ಬರುವನು. ಓದುಗರಲ್ಲಿ ಎಷ್ಟು ಜನರ ಮನೆಯಲ್ಲಿ ಹೀಗಾಗಿರುವದೋ ನಾವು ಅರಿಯೆವು. ನಮ್ಮ ಮನೆಯಲ್ಲಂತೂ ಆಗಿದೆ.

ನಮ್ಮ ಹಿರಿಯರ ಮನೆಯು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತವರಿಗೆ ಮರಳಿದ ನಮ್ಮ ತಂದೆಯವರ ಸೋದರತ್ತೆಯು ಅಲ್ಲಿಯೇ ತಮ್ಮ ಜನ್ಮವನ್ನು ಸವೆಸಿದರು. ಶಾಲೆಗೆ ಹೋದವರಲ್ಲ, ತಮ್ಮಂದಿರ ಪಾಟಿಯನ್ನು ನೋಡಿ ನೋಡಿ ಅಕ್ಷರ ಕಲಿತವರು. ಅವರು ತೀರಿದ ಮೇಲೆ ಮನೆಯ ಪಾಲಾದಾಗ, ಅವರ ಟ್ರಂಕಿನ ಕಾಗದಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ರದ್ದಿಗೆ ಹಾಕಿದವರು ಬೇರೆ ಯಾರೂ ಅಲ್ಲ, ನಾವೇ. ಅಕ್ಷರ ಬಲ್ಲವರೆಂದು, ಪುಸ್ತಕಪ್ರಿಯರೆಂದು ಊರಲ್ಲಿ ಹೆಸರು ಪಡೆದ ನಾವೇ ಅವುಗಳಲ್ಲಿ ಒಂದನ್ನೂ ಬಿಚ್ಚಿ ನೋಡಲಿಲ್ಲ. ಬಹುಕಾಲದ ಮೇಲೆ ಆ ಟ್ರಂಕಿಗೆ ತುಕ್ಕು ಹಿಡಿದುದನ್ನು ಕಂಡು ತಿಕ್ಕಿಸಹೋದಾಗ, ತಳಕ್ಕೆ ಹಾಸಿದ್ದ ಒಂದೇ ಒಂದು ಹಾಳೆಯು ಕೈಗೆ ಬಂದಿತು. ಅದರ ತಲೆಯಲ್ಲಿ ‘ಸರ್ವಜಿತು ಸಂವತ್ಸರ, ಭಾದ್ರಪದ’ ಎಂದಿದೆ. ಕೆಳಗೆ ಹದಿನೇಳು ಸಾಲುಗಳು. ಮೊರಬದಾಕೆ ೮ ಆಣೆ. ಶೆಲವಡಿಯಾಕೆ ೪ ಆಣೆ. ಬಡಿಗೇರ ಹಿರಿಸೊಸೆ ೪ ಆಣೆ. ಅಣ್ಣಿಗೇರಿಯಾಕೆ ೮ ಆಣೆ. ಕೆಲವು ಸಾಲುಗಳ ಮುಂದೆ ‘ಬಂತು’ ಎಂಬ ಗುರುತು.

ನೋಡಿದೊಡನೆ ತಿಳಿಯಿತು, ಇದು ಭಿಶಿಯ ಲೆಕ್ಕ. ತಿಂಗಳು ತಿಂಗಳು ಹೆಣ್ಣುಮಕ್ಕಳು ಕೂಡಿಸಿದ ದುಡ್ಡನ್ನು ಸರದಿಯಂತೆ ಒಬ್ಬೊಬ್ಬರಿಗೆ ಕೊಡುತ್ತಿದ್ದ ಗುಪ್ತ ಖಜಾನೆ. ಮನೆಯಲ್ಲಿ ಬಿಡಿಗಾಸಿನ ಅಧಿಕಾರವೂ ಇಲ್ಲದವರೆಂದು ನಾವು ಬಗೆದಿದ್ದ ಅತ್ತೆಯು ಹದಿನೇಳು ಮನೆಗಳ ನಂಬಿಕೆಯನ್ನು ಗಳಿಸಿ ಲೆಕ್ಕ ಇಟ್ಟಿದ್ದರು! ನಮ್ಮ ಅಜ್ಜನ ಕಿರ್ದಿ ಖಾತೆಗಳು ಕೆಂಪು ಬಟ್ಟೆಯ ದಪ್ತರಿನಲ್ಲಿ ಇಂದಿಗೂ ಭದ್ರವಾಗಿವೆ. ಅವುಗಳಲ್ಲಿ ಈ ವಿಷಯದ ಸುಳಿವೂ ಇಲ್ಲ. ಆ ಗೋಣಿಚೀಲದಲ್ಲಿ ಇನ್ನೆಷ್ಟು ಹಾಳೆಗಳಿದ್ದವೋ, ಆ ದುಡ್ಡಿನಿಂದ ಯಾವ ಮಗಳ ಬಾಣಂತನ, ಯಾವ ಮಗನ ಪರೀಕ್ಷೆಯ ಫೀ ನಡೆದವೋ, ಅದೆಲ್ಲ ತೂಕದ ಲೆಕ್ಕದಲ್ಲಿ ಹೋಯಿತು.

ಆ ಹಾಳೆಯಲ್ಲಿ ನಮ್ಮನ್ನು ಅದಕ್ಕಿಂತಲೂ ಹೆಚ್ಚು ತಡೆದು ನಿಲ್ಲಿಸಿದ ಸಂಗತಿಯೊಂದುಂಟು. ಹದಿನೇಳು ಸಾಲುಗಳಲ್ಲಿ ಒಬ್ಬಳ ಹೆಸರೂ ಇಲ್ಲ. ನಮ್ಮ ಹಳ್ಳಿಗಳ ರೂಢಿಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸೊಸೆಯಾಗಿ ಬಂದವಳು ತವರೂರಿನ ಹೆಸರಿನಿಂದ ಕರೆಯಿಸಿಕೊಳ್ಳುವಳು. ಮುಂದೆ ಇಂಥವರ ಹೆಂಡತಿ, ಇಂಥವನ ತಾಯಿ, ಕಡೆಗೆ ಎಲ್ಲರಿಗೂ ಆಯಿ ಇಲ್ಲವೆ ಅಮ್ಮ. ಬರೆದವರಿಗೆ ಬೆಳವಟಗಿಯಾಕೆ ಯಾರೆಂಬದು ಬೆಳಕಿನಷ್ಟು ಸ್ಪಷ್ಟವಿದ್ದಿತು. ಎರಡು ತಲೆಮಾರು ಕಳೆಯುವದರೊಳಗೆ ಅದು ಒಗಟಾಯಿತು. ಕಾಗದವು ಉಳಿದರಷ್ಟೇ ಸಾಲದು. ಅದರಲ್ಲಿರುವವರು ಯಾರೆಂದು ಹೇಳಬಲ್ಲವರು ಇರುವಾಗಲೇ ಅದರ ಮೇಲೆ ಹೆಸರು ಬರೆಯಬೇಕು ಎಂಬ ಮಾತಿಗಾಗಿಯೇ ಈ ತಿಂಗಳ ಪುಟಗಳನ್ನು ಮೀಸಲಿರಿಸಿದ್ದೇವೆ.

"ಇಷ್ಟಕ್ಕೆಲ್ಲ ಇತಿಹಾಸವೆಂಬ ದೊಡ್ಡ ಹೆಸರೇಕೆ?" ಎಂದು ಕೇಳುವವರುಂಟು. ಅವರು ಅಣ್ಣಿಗೇರಿಯ ಉದಾಹರಣೆಯನ್ನೇ ನೋಡಬಹುದು. ಆದಿಕವಿ ಪಂಪನು ತನ್ನ ಕಾವ್ಯದಲ್ಲಿ ತಂದೆ, ಅಜ್ಜ, ಮುತ್ತಜ್ಜರ ಪರಂಪರೆಯನ್ನು ಹೇಳಿಕೊಂಡಿದ್ದಾನೆ. ಆತನ ತಾಯಿಯ ಹೆಸರು ಕನ್ನಡಿಗರಿಗೆ ತಿಳಿದುಬಂದದ್ದು ಆತನ ಕಾವ್ಯದಿಂದಲ್ಲ. ದೂರದ ತೆಲಂಗಾಣದಲ್ಲಿ, ಕರೀಂನಗರದ ಕಡೆಯ ಕುರಿಕ್ಯಾಲದ ಗುಡ್ಡದ ಮೇಲೆ ಪಂಪನ ತಮ್ಮ ಜಿನವಲ್ಲಭನು ೧೦ನೆಯ ಶತಮಾನದಲ್ಲಿ ಬರೆಯಿಸಿದ ಶಾಸನದಿಂದ. ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳ ಆ ಶಾಸನವು, ತಾಯಿಯು ಅಬ್ಬಣಬ್ಬೆ, ಆಕೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಹೇಳುವದು. ಅಣ್ಣಿಗೇರಿಯವರು ಇಂದು ಪಂಪನನ್ನು ತಮ್ಮವನೆಂದು ಅಭಿಮಾನದಿಂದ ಹೇಳಿಕೊಳ್ಳುವದು ಈ ತಾಯಿಯ ಸಂಬಂಧದಿಂದಲೇ ಅಲ್ಲವೆ? ಕಿರಿಯ ಮಗನು ಎರಡು ಮಾತು ಹೆಚ್ಚಿಗೆ ಕೆತ್ತಿಸದಿದ್ದರೆ ಆಕೆಯೂ ನಮ್ಮ ಹಾಳೆಯ ‘ಅಣ್ಣಿಗೇರಿಯಾಕೆ’ಯಂತೆ ಹೆಸರಿಲ್ಲದವಳಾಗಿ ಉಳಿಯುತ್ತಿದ್ದಳು.

ಅಲ್ಲಿಂದ ಗದಗನ್ನು ದಾಟಿದರೆ ಲಕ್ಕುಂಡಿ. ಅಲ್ಲಿಯ ೧೦೦೭ನೆಯ ವರ್ಷದ ಶಾಸನದಿಂದಲೂ ರನ್ನನ ಅಜಿತಪುರಾಣದಿಂದಲೂ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯು ನಮಗೆ ತಿಳಿದಿದೆ. ಪೊನ್ನನ ಶಾಂತಿಪುರಾಣವು ನಷ್ಟವಾಗಬಾರದೆಂದು ಆಕೆಯು ಅದರ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕಾಗದಪತ್ರಗಳನ್ನು ಕಾಯುವ ವಿದ್ಯೆಯು ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಹೊಸದಲ್ಲವೆಂಬದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆಕೆಯು ಕಾಯ್ದದ್ದು ಒಬ್ಬ ಕವಿಯ ಕೃತಿಯನ್ನು. ಆಕೆಯ ಸ್ವಂತ ಕೈಯ ಓಲೆಯೊಂದೂ ನಮಗೆ ದಕ್ಕಲಿಲ್ಲ. ಹಾಡುಗಳ ಮಾತೂ ಇದೇ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದು ಮಾಡಿದ ಉಪಕಾರವನ್ನು ಕನ್ನಡವು ಮರೆಯುವಂತಿಲ್ಲ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡು ಅಚ್ಚಾಯಿತು. ಆದರೆ ‘ಗರತಿ’ ಎಂಬದು ಎಲ್ಲರ ಹೆಸರು, ಯಾರೊಬ್ಬಳ ಹೆಸರೂ ಅಲ್ಲ.

ನಮ್ಮ ಭಾಗದ ಟ್ರಂಕುಗಳಲ್ಲಿ ಏನೇನಿರುವದೆಂಬದನ್ನು, ಆ ಮೇಲೆ ನಾಲ್ಕಾರು ಮನೆಗಳಲ್ಲಿ ಕೇಳಿ ನೋಡಿದ ಅನುಭವದಿಂದ ಹೇಳುವೆವು. ಹಾಡಿನ ವಹಿ ಇದ್ದೇ ಇರುವದು: ಮುಂಜಾವಿನ ಹಾಡು, ಆರತಿಯ ಹಾಡು, ಬೀಗರ ಹಾಡು, ಬರೆಯುತ್ತ ಬರೆಯುತ್ತ ನಡುವೆಯೇ ಶೇಂಗಾ ಹೋಳಿಗೆಯ ಪ್ರಮಾಣ, ಕೆಮ್ಮಿನ ಔಷಧ, ಹಾಲಿನವಳ ಲೆಕ್ಕ. ಮದುವೆಯಲ್ಲಿ ಯಾರು ಯಾರಿಗೆ ಏನು ಆಹೇರಿ ಮಾಡಿದರೆಂಬ ಪಟ್ಟಿ. ಇದು ಊರೊಳಗಿನ ನಂಟಿನ ನಕಾಶೆಯೇ ಸರಿ. ಕಸೂತಿಯ ನಮೂನೆಯ ಬಟ್ಟೆ: ಗೋಪುರ, ತುಳಸೀಕಟ್ಟೆ, ಆನೆ, ತೇರು, ಒಂದೊಂದು ಮೂಲೆಯಲ್ಲಿ ಒಂದೊಂದು. ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕುವರಲ್ಲದೆ ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿಯಿಲ್ಲ. ಆದಕಾರಣ ತಾಯಿಯಿಂದ ಮಗಳಿಗೆ ಬರುವ ಈ ಬಟ್ಟೆಯೇ ಅವರ ಗ್ರಂಥ. ಮಾಸಪತ್ರಿಕೆಗಳಿಂದ ಧಾರಾವಾಹಿ ಕಾದಂಬರಿಯ ಹಾಳೆಗಳನ್ನು ಕತ್ತರಿಸಿ, ಕೌದಿಯ ದಾರದಿಂದ ಹೊಲಿದು ಮಾಡಿದ ಪುಸ್ತಕಗಳೂ, ಮಕ್ಕಳ ಹಳೆಯ ನೋಟುಬುಕ್ಕಿಗೆ ಚಿತ್ರ, ರಂಗೋಲಿ, ಸುದ್ದಿಯ ತುಣುಕುಗಳನ್ನು ಅಂಟಿಸಿದ ವಹಿಗಳೂ ಅನೇಕ ಕಡೆಗೆ ಸಿಕ್ಕಾವು. ಕುಂದಗೋಳ ತಾಲೂಕಿನ ಒಂದು ಮನೆಯಲ್ಲಿ ಅಂಥ ವಹಿಯನ್ನು ತೋರಿಸಿದ ಮೊಮ್ಮಗಳು, "ಅಜ್ಜಿ ಏನನ್ನು ಓದಲು ಆಸೆಪಟ್ಟಳೆಂಬುದು ನನಗೆ ಇದರಿಂದಲೇ ಗೊತ್ತಾಯಿತು" ಎಂದಳು. ಆ ಅಜ್ಜಿಯು ಮನೆಯವರೊಡನೆ ಪುಸ್ತಕದ ಮಾತನ್ನೇ ಆಡಿದವಳಲ್ಲವಂತೆ.

ಕಾಗದಗಳ ವಿಷಯದಲ್ಲಿ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ದೇಶದಲ್ಲಿ ೧೮೭೯ರಲ್ಲಿ ಕಾಲಾಣೆಯ ಪೋಸ್ಟಕಾರ್ಡು ಬಂದ ಮೇಲೆ ತವರಿಗೂ ಅತ್ತೆಯ ಮನೆಗೂ ಒಂದು ಅಗ್ಗದ ದಾರಿಯಾಯಿತು. ಆದರೆ ಕಾರ್ಡನ್ನು ಪೋಸ್ಟಮನ್ನನಿಂದ ಮಾವನವರೆಗೆ ಯಾರೂ ಓದಬಹುದು. ಮಗಳು ಅದರಲ್ಲಿ ತನ್ನ ಸಂಕಟವನ್ನು ಹೇಗೆ ಬರೆದಾಳು? ‘ಇಲ್ಲಿ ಎಲ್ಲರೂ ಕ್ಷೇಮ’ ಎಂಬ ಸಾಲಿನ ಮುಂದೆ, ‘ತಮ್ಮನನ್ನು ಪಂಚಮಿಗೆ ತಪ್ಪದೆ ಕಳಿಸಿರಿ’ ಎಂಬದು ಎರಡು ಸಲ ಬರೆಯಲ್ಪಟ್ಟಿದ್ದರೆ, ಆ ಎರಡನೆಯ ಸಲದಲ್ಲಿಯೇ ಸಂಗತಿಯೆಲ್ಲವೂ ಇರುವದು. ಇಂಥದನ್ನು ಓದಲು ಪಂಡಿತರಿಗಿಂತ ಆ ಮನೆಯ ಹೆಣ್ಣುಮಕ್ಕಳೇ ಹೆಚ್ಚು ಸಮರ್ಥರು.

ಬಂದ ಕಾರ್ಡುಗಳನ್ನು ಗಂಡಸರು ಪಡಸಾಲೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಆದುದರಿಂದಲೇ ಹಳೆಯ ಕಾರ್ಡುಗಳ ನಟ್ಟನಡುವೆ ಒಂದು ರಂಧ್ರವು ಕಾಣುವದು. ಶುಭವಾರ್ತೆಯ ಕಾಗದದ ಮೂಲೆಗಳಿಗೆ ಅರಿಷಿಣ ಕುಂಕುಮ ಹಚ್ಚುವ ವಾಡಿಕೆ. ಅಶುಭದ ಕಾಗದವನ್ನಾದರೋ ಓದಿದೊಡನೆ ಹರಿದು ಹೊರಗೆ ಹಾಕತಕ್ಕದ್ದು, ಮನೆಯಲ್ಲಿ ಇಡತಕ್ಕದ್ದಲ್ಲ. ಈ ಆಚಾರದ ಪರಿಣಾಮವನ್ನು ನಾವು ಮೊದಲು ಯೋಚಿಸಿರಲಿಲ್ಲ. ಒಂದು ಮನೆಯ ಅರವತ್ತು ವರ್ಷಗಳ ಕಾಗದಗಳನ್ನು ತೆಗೆದು ನೋಡಿದರೆ, ಅಲ್ಲಿ ಲಗ್ನ, ಸೀಮಂತ, ನಾಮಕರಣಗಳು ತುಂಬಿರುವವು. ಸತ್ತವರು ಒಬ್ಬರೂ ಇಲ್ಲ! ಬಾಣಂತಿಯಾಗಿ ತೀರಿಕೊಂಡವಳ ವಿಷಯದಲ್ಲಿ ಉಳಿದಿರುವ ಗುರುತು ಒಂದೇ: ಒಂದು ತಿಥಿಯ ಮುಂದೆ ಆಕೆಯ ಅಕ್ಷರದ ಕಾಗದಗಳು ನಿಂತುಹೋಗುವವು. ಆ ಆಚಾರವನ್ನು ಬಿಡಿರೆಂದು ನಾವು ಹೇಳುವದಿಲ್ಲ. ಹರಿಯುವ ಮುಂಚೆ ಮನೆಯ ಪಂಚಾಂಗದ ಅಂಚಿನಲ್ಲಿ ಹೆಸರು, ತಿಥಿ ಇಷ್ಟನ್ನು ಬರೆದಿಟ್ಟಿದ್ದರೆ ಸಾಕಾಗುತ್ತಿದ್ದಿತು.

ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವದಿಲ್ಲ. ಲಗ್ನದಲ್ಲಿ ಮದುಮಗಳಿಗೆ ಹೊಸ ಹೆಸರಿಡುವ ಪದ್ಧತಿಯು ನಮ್ಮ ಕಡೆಯ ಹಲವು ಮನೆತನಗಳಲ್ಲಿ ಉಂಟು. ತವರಿನಿಂದ ಬಂದ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಪಟ್ಟಿಯಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂಬದು ಮೊಮ್ಮಕ್ಕಳಿಗೆ ಹೊಳೆಯುವದು ಹೇಗೆ? ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನು (೧೮೯೨–೧೯೯೨) ಬಲ್ಲವರು ಬಹಳ. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಿಕೆಯರ ಪಡೆಯನ್ನು ಕಟ್ಟಿ, ೧೯೩೨ರಲ್ಲಿ ಯರವಡೆಯ ಸೆರೆಮನೆಯನ್ನು ಕಂಡುಬಂದ ಆ ಮಹನೀಯರು ತವರಿನಲ್ಲಿ ಭವಾನಿ. ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಮೊದಲ ಹೆಸರು ಗಾಂಧಾರಿ. ಅವರ ಮೊದಮೊದಲಿನ ಧ್ವನಿಮುದ್ರಿಕೆಗಳು ಆ ಹೆಸರಿನಿಂದಲೇ ಹೊರಬಿದ್ದವು. ಇವರು ಪ್ರಖ್ಯಾತರು, ಆದುದರಿಂದ ನಮಗೆ ತಿಳಿಯಿತು.

ಗಂಗೂಬಾಯಿಯವರ ಹೆಸರು ಬಂದುದರಿಂದ ಒಂದು ಮಾತು. ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯುವದಕ್ಕಾಗಿ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದ ಕಥೆಯು ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಆಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿಯುವಾಗ ಆಕೆಯ ಕಿವಿ ಕೆಡಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದವರು. ಈ ಸಂಗತಿಗಳು ಇಂದು ನಮಗೆ ದೊರೆಯುವದು ಮಗಳು ತಮ್ಮ ಇಳಿವಯಸ್ಸಿನಲ್ಲಿ ನೆನೆದು ಹೇಳಿ ಬರೆಯಿಸಿದ ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥೆಯಿಂದ. ಹೇಳುವವರಿದ್ದರು, ಕೇಳಿ ಬರೆದುಕೊಳ್ಳುವವರಿದ್ದರು. ಇವೆರಡೂ ಒಂದೇ ಕಾಲಕ್ಕೆ ಕೂಡಿಬರಬೇಕು. ಸವಾಯಿ ಗಂಧರ್ವರ ಆ ಊರಿನಲ್ಲಿಯೇ ಕಲಿಯಲು ಬಂದ ಶಿಷ್ಯರಿಗೆ ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕಿದವರು ಯಾರು ಎಂದು ಕೇಳಬೇಕೆಂಬ ಬುದ್ಧಿ ಯಾರಿಗೂ ಬಂದಂತೆ ಕಾಣೆವು.

ಅಕ್ಷರ ಬಾರದವರ ಗತಿಯೇನೆಂದು ಓದುಗರು ಕೇಳಬಹುದು. ಅವರ ದಸ್ತೈವಜುಗಳು ಬೇರೆ ರೂಪದಲ್ಲಿರುವವು. ನವಲಗುಂದದ ಜಮಖಾನೆಯನ್ನು ನೇಯುವವರು ಹೆಣ್ಣುಮಕ್ಕಳೇ. ಪೂರ್ವಿಕರು ವಿಜಾಪುರದ ಕಡೆಯಿಂದ ಬಂದರೆಂದು ಹೇಳಿಕೊಳ್ಳುವ ಮುಸಲ್ಮಾನ ಕುಟುಂಬಗಳವರು, ಮನೆಯೊಳಗೇ ಮಗ್ಗವನ್ನು ನಿಲ್ಲಿಸಿ, ಪಗಡೆಯ ಹಾಸು, ನವಿಲು ಮೊದಲಾದ ನಮೂನೆಗಳನ್ನು ನೆನಪಿನಿಂದಲೇ ತೆಗೆಯುವರು. ಊರಿನ ಹೆಸರಿಗೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ, ಸಂತೋಷ. ನೇಯ್ದ ಕೈಯ ಹೆಸರು ಜಮಖಾನೆಯ ಮೇಲೆ ಇಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲೂ ಹೀಗೆಯೇ. ಅದು ತವರಿನಿಂದ ಬರುವದು. ಅಕ್ಕನ ಮಕ್ಕಳು, ತಂಗಿಯ ಮಕ್ಕಳು, ಮುಂದೆ ಮೊಮ್ಮಕ್ಕಳು ಎಂದು ಮನೆಯಿಂದ ಮನೆಗೆ ಸಂಚರಿಸುವದು. ಅಂಥ ತೊಟ್ಟಿಲು ಇರುವ ಮನೆಯವರು ಅದರಲ್ಲಿ ತೂಗಿಸಿಕೊಂಡ ಕೂಸುಗಳ ಹೆಸರು, ಅವರ ತಾಯಂದಿರ ಹೆಸರು, ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತೊಟ್ಟಿಲೊಡನೆಯೇ ಇಡಬಾರದೇಕೆ? ಹಳೆಯ ರಾಜರ ವಂಶಾವಳಿಗಿಂತ ಅದರಲ್ಲಿ ಸತ್ಯಾಂಶವು ಹೆಚ್ಚಿಗೆ ಇದ್ದೀತು.

ಬಾಯಿಂದ ಕೇಳಿ ತೆಗೆದುಕೊಳ್ಳಬೇಕಾದವುಗಳಿಗಂತೂ ತ್ವರೆಯು ಬಹಳ. ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ರೈತರ ಬಂಡಾಯವು ನಡೆದು ಗೋಲೀಬಾರು ಆದುದನ್ನು ನಾಡೆಲ್ಲ ಅರಿತಿದೆ. ಮಲಪ್ರಭೆಯ ನೀರಾವರಿಯ ಕರ, ಅದರ ವಿರುದ್ಧ ಎದ್ದ ಕೂಗು, ಮುಂದೆ ರಾಜಕಾರಣದಲ್ಲಿ ಆದ ಬದಲಾವಣೆ ಇವು ಪುಸ್ತಕಗಳಲ್ಲಿ ಬಂದಿವೆ. ಆ ರಾತ್ರಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು ಏನು ಮಾಡಿದರು? ತಪ್ಪಿಸಿಕೊಂಡವರಿಗೆ ಬುತ್ತಿ ಒಯ್ದವರು ಯಾರು? ಆಗ ಇಪ್ಪತ್ತರ ಹರೆಯದ ಸೊಸೆಯಾಗಿದ್ದವಳಿಗೆ ಇಂದು ಅರವತ್ತು ದಾಟಿದೆ. ಹತ್ತಿರ ಕುಳಿತು ಕೇಳಿದರೆ ಆಕೆಯು ಹೇಳುವಳು. ಮೊಮ್ಮಗನ ಕೈಯಲ್ಲಿರುವ ಮೊಬೈಲು ಅದನ್ನು ಆಕೆಯ ದನಿಯಲ್ಲಿಯೇ ಹಿಡಿದಿಡುವದು. ಆದರೆ ಹಿಡಿದಿಟ್ಟ ಮೇಲೆ ಯಾರು, ಯಾವ ಊರು, ಯಾವ ದಿನ ಎಂಬದನ್ನು ಮೊದಲಲ್ಲಿಯೇ ಬಾಯಿಂದ ಹೇಳಿಸತಕ್ಕದ್ದು. ಇಲ್ಲವಾದರೆ ಅದೂ ನಮ್ಮ ಹದಿನೇಳು ಸಾಲುಗಳ ಗತಿಯನ್ನೇ ಕಂಡೀತು.

ಬೇರೆ ನಾಡುಗಳಲ್ಲಿ ಈ ಕೆಲಸವು ಬಹುಕಾಲದಿಂದ ನಡೆದಿದೆ. ಬಂಗಾಲದ ರಾಸಸುಂದರಿ ದೇವಿಯು ೧೯ನೆಯ ಶತಮಾನದಲ್ಲಿ ಅಡಿಗೆಯ ಮನೆಯಲ್ಲಿ ಪುಸ್ತಕದ ಒಂದು ಹಾಳೆಯನ್ನು ಬಚ್ಚಿಟ್ಟುಕೊಂಡು ಓದು ಕಲಿತು, ಮುಂದೆ ತನ್ನ ಜೀವನವನ್ನು ತಾನೇ ಬರೆದಳು. ಹಾಲಂಡಿನ ಆಮ್‌ಸ್ಟರ್ಡಾಮಿನಲ್ಲಿ ೧೯೩೫ರಲ್ಲಿ ಸ್ತ್ರೀಯರ ಚಳುವಳಿಯ ಕಾಗದಗಳಿಗಾಗಿಯೇ ಒ೦ದು ಪತ್ರಾಗಾರವನ್ನು ತೆರೆದರು. ಐದು ವರ್ಷಗಳಲ್ಲಿ ನಾಝಿಗಳು ಅದನ್ನು ಲೂಟಿ ಮಾಡಿ ಒಯ್ದರು. ೧೯೯೨ರಲ್ಲಿ ಆ ಕಾಗದಗಳು ಮಾಸ್ಕೋ ನಗರದಲ್ಲಿ ಪತ್ತೆಯಾಗಿ ೨೦೦೩ರಲ್ಲಿ ಮರಳಿ ಬಂದವು. ಹೆಂಗಸರ ಕಾಗದಗಳಿಗೆ ಬೆಲೆಯಿಲ್ಲವೆನ್ನುವವರು, ನಾಝಿಗಳು ಅವುಗಳನ್ನು ಲೂಟಿ ಮಾಡಿ ಒಯ್ದುದೇಕೆಂದು ವಿಚಾರಿಸಲಿ! ನಮ್ಮ ಮುಂಬಯಿಯಲ್ಲಿಯೂ ೧೯೮೮ರಿಂದ ‘ಸ್ಪ್ಯಾರೋ’ ಎಂಬ ಸಂಸ್ಥೆಯು ಹೆಣ್ಣುಮಕ್ಕಳ ದನಿ, ಚಿತ್ರ, ಬರಹಗಳನ್ನು ಕೂಡಿಸುತ್ತ ಬಂದಿದೆ.

ಇನ್ನು ಇಡುವ ಕ್ರಮ. ಕಾಗದಗಳನ್ನು ಗಂಜಿ ಹಾಕದೆ ಒಗೆದ ಹತ್ತಿಯ ಬಟ್ಟೆಯಲ್ಲಿ ಕಟ್ಟಿರಿ. ಗಂಜಿಯ ವಾಸನೆಗೆ ಹುಳ ಬರುವದು. ತುಕ್ಕು ಹಿಡಿದ ಟಾಚಣಿಗಳನ್ನು ಮೆಲ್ಲಗೆ ತೆಗೆಯಿರಿ. ಹರಿದುದಕ್ಕೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ, ಕೆಲವೇ ವರ್ಷಗಳಲ್ಲಿ ಅದು ಕಂದಾಗಿ ಅಕ್ಷರವನ್ನೇ ನುಂಗುವದು. ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಬಿಸಿಮಾಡಿ ಮುಚ್ಚಿಸುವದು ಅದಕ್ಕಿಂತಲೂ ಕೆಟ್ಟದು. ವೃತ್ತಪತ್ರಿಕೆಯ ತುಣುಕು ತಾನೂ ಹಳದಿಯಾಗಿ ಪಕ್ಕದ ಹಾಳೆಯನ್ನೂ ಕೆಡಿಸುವದರಿಂದ ನಡುವೆ ಬಿಳಿಯ ಹಾಳೆ ಇರಲಿ. ಕತ್ತರಿಸುವಾಗ ಪತ್ರಿಕೆಯ ಹೆಸರು, ತಾರೀಖುಗಳು ಕತ್ತರಿಯ ಪಾಲಾಗುವವು, ಅವನ್ನು ಬದಿಗೆ ಬರೆಯಿರಿ. ಬರೆಯುವದೆಲ್ಲ ಪೆನ್ಸಿಲಿನಿಂದ. ಭಾವಚಿತ್ರದ ಬೆನ್ನಿಗೆ ಒತ್ತದೆ ಬರೆಯಬೇಕು. ಎಡದಿಂದ ಯಾರು ಯಾರು, ತವರು ಯಾವುದು, ತವರಿನ ಹೆಸರೇನು ಎಂಬವು ಮುಖ್ಯ. ನವಲಗುಂದ ಅಣ್ಣಿಗೇರಿಗಳ ಕಡೆಯ ಮಣ್ಣಿನ ಮಾಳಿಗೆಗಳು ಮಳೆಗಾಲದಲ್ಲಿ ಸೋರುವದನ್ನು ಬಲ್ಲವರಿಗೆ, ಟ್ರಂಕನ್ನು ನೆಲಕ್ಕೂ ಗೋಡೆಗೂ ತಾಗಿಸಬೇಡಿರೆಂದು ಬೇರೆ ಹೇಳಬೇಕೆ?

ತಾರೀಖು ತಿಳಿಯುವದೇ ಒಂದು ವಿದ್ಯೆ. ಶಕವರ್ಷವಿದ್ದರೆ ೭೮ನ್ನು ಕೂಡಿಸಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ೬೦ ವರ್ಷಗಳಿಗೊಮ್ಮೆ ಮರಳಿ ಬರುವದು. ನಮ್ಮ ಹಾಳೆಯ ಸರ್ವಜಿತು ೧೮೮೭ರಲ್ಲಿಯೂ, ೧೯೪೭ರಲ್ಲಿಯೂ, ೨೦೦೭ರಲ್ಲಿಯೂ ಬಂದಿತು. ಆಣೆಯ ಲೆಕ್ಕವು ೧೯೫೭ರಲ್ಲಿ ನಯೇ ಪೈಸೆ ಬಂದಾಗ ನಿಂತಿತು. ೧೮೮೭ರಲ್ಲಿ ಅತ್ತೆಯವರು ಹುಟ್ಟಿರಲಿಲ್ಲ. ಉಳಿದದ್ದು ೧೯೪೭. ಆ ವರ್ಷ ಅಧಿಕ ಶ್ರಾವಣವಿದ್ದುದರಿಂದ ಭಾದ್ರಪದವು ಸಪ್ಟಂಬರದ ನಡುವೆ ಆರಂಭವಾಯಿತು. ದೇಶವು ಸ್ವತಂತ್ರವಾಗಿ ಒಂದು ತಿಂಗಳು! ಆ ದಿನಗಳ ಬಗ್ಗೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳ ಕೈಯಿಂದ ಉಳಿದಿರುವ ಬರಹವು ಇದೊಂದೇ. ಮುಂಬಯಿ ಇಲಾಖೆಯ ಕಾಲದ ಕಾಗದಗಳಲ್ಲಿ ಮರಾಠಿಯ ಮೋಡಿ ಅಕ್ಷರಗಳು ಕಂಡರೆ ಗಾಬರಿಯಾಗಿ ಬಿಸಾಡಬಾರದು. ಓದಬಲ್ಲವರು ವಿರಳ, ಆದರೆ ಇನ್ನೂ ಇದ್ದಾರೆ.

ಒಂದು ಸೂಕ್ಷ್ಮ ಪ್ರಶ್ನೆಯುಂಟು. ಕಾಗದಗಳಲ್ಲಿ ಮನೆಯ ಮರ್ಯಾದೆಗೆ ಕುಂದೆನಿಸುವ ಮಾತುಗಳಿದ್ದರೆ? ಅತ್ತೆಯ ಕಾಟ, ಗಂಡನ ಕುಡಿತ, ತಿರಸ್ಕಾರಕ್ಕೆ ಗುರಿಯಾದ ವಿಧವೆಯ ನಿಟ್ಟುಸಿರು ಇವು ಇದ್ದೇ ಇರುವವು. ಬರೆದವಳು ಬದುಕಿದ್ದು, ಇವನ್ನು ಸುಡಿರೆಂದರೆ ಸುಡತಕ್ಕದ್ದು. ಅದು ಆಕೆಯ ಹಕ್ಕು. ಆದರೆ ಆಕೆಯು ಏನೂ ಹೇಳದೆ, ಜೀವಮಾನವೆಲ್ಲ ಜೋಪಾನಮಾಡಿ ಬಿಟ್ಟುಹೋದುದನ್ನು ತಮ್ಮ ನಾಚಿಕೆಗಾಗಿ ಸುಡುವ ಅಧಿಕಾರವು ಮಕ್ಕಳು ಮೊಮ್ಮಕ್ಕಳಿಗೆ ಇಲ್ಲವೆಂದೇ ನಮ್ಮ ಅಭಿಪ್ರಾಯವು. ನೋಯುವವರು ಇನ್ನೂ ಇದ್ದರೆ, ಕಟ್ಟಿ ಮೊಹರು ಮಾಡಿ ‘ಇಂಥ ವರ್ಷದವರೆಗೆ ತೆರೆಯಬಾರದು’ ಎಂದು ಮೇಲೆ ಬರೆದಿಡಲಿ. ಮನೆಯಲ್ಲಿ ಇಡಲು ಸ್ಥಳವಿಲ್ಲದವರು ಧಾರವಾಡಕ್ಕೆ ಹೋಗಿ ಕೇಳಬಹುದು: ಅಲ್ಲಿ ೧೯೩೯ರಲ್ಲಿ ಹುಟ್ಟಿ ಈಗ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿರುವ ಕನ್ನಡ ಸಂಶೋಧನ ಸಂಸ್ಥೆಯಿದೆ, ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯಿದೆ, ೧೮೯೦ರ ವಿದ್ಯಾವರ್ಧಕ ಸಂಘವಿದೆ. ಕೊಡುವಾಗ ಪಟ್ಟಿಮಾಡಿ ರಸೀತಿ ಪಡೆಯಿರಿ. ಕಟ್ಟಿನ ಮೇಲೆ ಗಂಡನ ಮನೆತನದ ಹೆಸರನ್ನಷ್ಟೇ ಅಲ್ಲ, ಆ ಹೆಣ್ಣುಮಗಳ ಹೆಸರನ್ನು ಬರೆಯಿಸಿರಿ.

ನಮ್ಮ ಹಾಳೆಯ ಮಾತನ್ನು ಹೇಳಿ ಮುಗಿಸುವೆವು. ಕಳೆದ ಎರಡು ವರ್ಷಗಳಲ್ಲಿ ಊರಿನ ಮುದುಕಿಯರನ್ನು ಕೇಳುತ್ತ ಕೇಳುತ್ತ ಹದಿನೇಳರಲ್ಲಿ ಆರು ಜನರನ್ನು ಗುರುತಿಸಿದ್ದೇವೆ. ಬಡಿಗೇರ ಹಿರಿಸೊಸೆಯ ಮೊಮ್ಮಗನು ಆ ನಾಲ್ಕಾಣೆಯನ್ನು ಕಂಡು ಹಾಳೆಯ ಛಾಯಾಪ್ರತಿಯನ್ನು ಬೇಡಿ ಒಯ್ದನು. ಆತನ ಮನೆಯಲ್ಲಿ ಆ ಅಜ್ಜಿಯ ಭಾವಚಿತ್ರವೂ ಇಲ್ಲವಂತೆ. ಹನ್ನೊಂದನೆಯ ಸಾಲಿನ ‘ಅಣ್ಣಿಗೇರಿಯಾಕೆ’ ಮಾತ್ರ ಇನ್ನೂ ಸಿಕ್ಕಿಲ್ಲ. ಆ ಓಣಿಯಲ್ಲಿ ಸೊಸೆಯಾಗಿ ಬಾಳಿ, ಈಗ ಮಗಳೊಡನೆ ಅಳಗವಾಡಿಯಲ್ಲಿರುವ ತೊಂಬತ್ತು ದಾಟಿದ ಮುದುಕಿಯೊಬ್ಬರಿಗೆ ಆಕೆಯ ನೆನಪು ಇದ್ದೀತೆಂದು ಕೇಳಿದ್ದೇವೆ. ಕಿವಿ ಮಂದ, ಆದರೆ ಮಾತು ಚೊಕ್ಕಟವಂತೆ. ಮಹಾನವಮಿಯ ವರೆಗೆ ಕಾಯದೆ, ಬರುವ ಸೋಮವಾರವೇ ಹೋಗಬೇಕೆಂದಿದ್ದೇವೆ.